ಎಡಗಣ್ಣಿನ ಕಾಲಂ

ಹರೀಶ ಕೆಲಸ ಮಾಡುವುದು ಮೈಸೂರಿನ ಸಿದ್ಧಾರ್ಥನಗರದ ಒಂದು ಟ್ರಸ್ಟ್ ಕಣ್ಣಾಸ್ಪತ್ರೆಯಲ್ಲಿ. ಡಾಕ್ಟರ್ ರಮಾಮಣಿಯವರು ಯಂತ್ರದ ಹಿಂದೆ ಕೂತು ರೋಗಿಯ ಕಣ್ಣನ್ನು ನೋಡುತ್ತ, ಕಂಡದ್ದನ್ನು ಬಾಯಲ್ಲಿ ಹೇಳುತ್ತ ಹೋಗುತ್ತಾರೆ. ಪಕ್ಕದ ಮೇಜಿನಲ್ಲಿ ಹರೀಶ ಅದನ್ನು ಕಂಪ್ಯೂಟರಿಗೆ ಹಾಕುತ್ತ ಹೋಗುತ್ತಾನೆ. ಬಲಗಣ್ಣಿನದು ಬಲಗಣ್ಣಿನ ಕಾಲಂಗೆ, ಎಡಗಣ್ಣಿನದು ಎಡಗಣ್ಣಿನ ಕಾಲಂಗೆ. ದೃಷ್ಟಿ ಎಷ್ಟು, ಕಣ್ಣಿನ ಪ್ರೆಶರ್ ಎಷ್ಟು, ಪೊರೆ ಬಂದಿದೆಯೇ, ನರ ಹೇಗಿದೆ, ಯಾವ ಡ್ರಾಪ್ಸ್, ಮತ್ತೆ ಯಾವಾಗ ಬರಬೇಕು, ಇಷ್ಟೇ.

ಇಷ್ಟೇ ಎಂದರೂ ಅದು ಸುಲಭದ ಕೆಲಸವಲ್ಲ. ರಮಾಮಣಿಯವರಿಗೆ ಒಂಟಿಕೊಪ್ಪಲಿನಲ್ಲಿ ಹುಟ್ಟಿ ಬೆಳೆದವರ ಮಾತುಗಾರಿಕೆ. ಎಡಗಣ್ಣಿನ ಪೊರೆಯ ಬಗ್ಗೆ ಹೇಳುತ್ತಿದ್ದವರು ನಡುವೆ ರೋಗಿಯ ಮಗಳ ಬಾಣಂತನ ವಿಚಾರಿಸಿ, ಸಕ್ಕರೆ ಕಾಯಿಲೆಗೆ ಗದರಿ, ಹಾಗೇ ಬಲಗಣ್ಣಿಗೆ ಬಂದಿರುತ್ತಾರೆ. ಯಾವುದು ರೆಕಾರ್ಡಿಗೆ ಸೇರಬೇಕಾದ್ದು, ಯಾವುದು ಬರೀ ಮಾತು ಎಂದು ಬೇರೆ ಮಾಡುವುದು ಹರೀಶನಿಗೆ ರೂಢಿಯಾಗಿತ್ತು. ಹಳೆಯ ಕಾಗದದ ಫೈಲುಗಳೆಲ್ಲ ಮೂಟೆ ಕಟ್ಟಿಸಿಕೊಂಡು ಗೋದಾಮು ಸೇರಿದ ಮೇಲೆ ಅವನಿಲ್ಲದೆ ಡಾಕ್ಟರ ಕೋಣೆ ನಡೆಯುವುದೇ ಕಷ್ಟ ಎನ್ನುವಂತಾಗಿತ್ತು.

ಕೆಲಸಕ್ಕೆ ಸೇರಿದ ಮೊದಲ ವಾರವೇ ಅವನು ತನ್ನ ಮೇಜನ್ನು ಎಡಗಡೆಯ ಗೋಡೆಗೆ ಒತ್ತಿ ಹಾಕಿಸಿಕೊಂಡಿದ್ದ. ಯಾಕೆ ಎಂದವರಿಗೆ "ಇಲ್ಲಿ ಫ್ಯಾನ್ ಗಾಳಿ ಚೆನ್ನಾಗಿ ಬೀಳ್ತದೆ" ಎಂದಿದ್ದ. ನಿಜವಾದ ಕಾರಣ ಅದಾಗಿರಲಿಲ್ಲ. ಅಲ್ಲಿ ಕೂತರೆ ಡಾಕ್ಟರು, ರೋಗಿ, ಬಾಗಿಲು, ಎಲ್ಲವೂ ಅವನ ಬಲಕ್ಕೆ ಬರುತ್ತಿದ್ದವು. ಹರೀಶನಿಗೆ ಎಡಗಣ್ಣು ಇರಲಿಲ್ಲ. ಇದ್ದದ್ದು ಮಾಡಿಸಿ ಹಾಕಿದ ಕಣ್ಣು.

ಅವನು ಹುಟ್ಟಿದ್ದು ಹೂಟಗಳ್ಳಿಯಲ್ಲಿ. ತಂದೆ ಚೆಲುವಯ್ಯ ಫ್ಯಾಕ್ಟರಿಯೊಂದರಲ್ಲಿ ಫಿಟ್ಟರ್ ಆಗಿದ್ದರು. ಆಗ ಊರಿನ ಅರ್ಧ ರಾಗಿ ಹೊಲ, ಅರ್ಧ ಕಾರ್ಖಾನೆಯ ಕಾಂಪೌಂಡು. ಎರಡನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ಹುಡುಗರೆಲ್ಲ ಬುಗುರಿ ಆಡುವಾಗ ಯಾರದೋ ಬುಗುರಿ ದಾರ ಕಚ್ಚಿಕೊಂಡು ಚಿಮ್ಮಿ, ಅದರ ಮೊಳೆ ಹರೀಶನ ಎಡಗಣ್ಣಿಗೆ ಹೊಡೆಯಿತು. ಕಣ್ಣು ಉಳಿಸಲು ಡಾಕ್ಟರುಗಳು ಬಹಳ ನೋಡಿದರು, ಆಗಲಿಲ್ಲ. ಗಾಯ ಮಾಗಿದ ಮೇಲೆ ಅವನಿಗೊಂದು ಕೃತಕ ಕಣ್ಣು ಹಾಕಿಸಿದರು. ಜನ ಅದನ್ನು ಗಾಜಿನ ಕಣ್ಣು ಎನ್ನುತ್ತಾರೆ. ಅದು ಗಾಜಿನದಲ್ಲ, ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್ಕಿನದು. ಚಿಪ್ಪಿನ ಹಾಗಿರುತ್ತದೆ. ಮುಂದುಗಡೆ ಕರಿಗುಡ್ಡೆ, ಕೆಂಪು ಎಳೆಗಳನ್ನೆಲ್ಲ ಬಣ್ಣದಲ್ಲಿ ಬರೆದಿರುತ್ತಾರೆ.

ತಾಯಿ ಸುಮಿತ್ರಮ್ಮ ಭಾನುವಾರ ಭಾನುವಾರ ಮಗನ ತಲೆಗೆ ನೀರು ಹಾಕಿ, ಆ ಕಣ್ಣನ್ನು ತೆಗೆದು, ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆದು, ಮತ್ತೆ ಹಾಕಿ ಕೊಡುತ್ತಿದ್ದರು. ಅಳುತ್ತಿರಲಿಲ್ಲ. ಕಿವಿ ತೊಳೆದಷ್ಟೇ ಸಲೀಸಾಗಿ ಮಾಡುತ್ತಿದ್ದರು. ಆದರೆ ಸ್ಕೂಲಿನಲ್ಲಿ ಹುಡುಗರು ಬಿಡಬೇಕಲ್ಲ. ಅವನಿಗೆ ಇಟ್ಟ ಅಡ್ಡಹೆಸರುಗಳನ್ನು ಇಲ್ಲಿ ಬರೆಯುವುದು ಬೇಡ. ಹೈಸ್ಕೂಲು ಮುಗಿಯುವ ಹೊತ್ತಿಗೆ ಹರೀಶ ಒಂದು ವಿದ್ಯೆ ಕಲಿತಿದ್ದ. ಪಕ್ಕಕ್ಕೆ ನೋಡುವಾಗ ಕಣ್ಣು ಹೊರಳಿಸದೆ ತಲೆಯನ್ನೇ ತಿರುಗಿಸುವುದು, ಫೋಟೋದಲ್ಲಿ ಒಂದು ಪಕ್ಕಕ್ಕೆ ನಿಲ್ಲುವುದು, ಬಸ್ಸಿನಲ್ಲಿ ಎಡಗಡೆಯ ಕಿಟಕಿ ಹಿಡಿಯುವುದು. ಕಾಲೇಜಿಗೆ ಬಂದ ಮೇಲೆ ಹೊಸಬರು ಯಾರಿಗೂ ಗೊತ್ತಾಗಲಿಲ್ಲ. ಅಲ್ಲಿಂದ ಅದನ್ನು ಯಾರಿಗೂ ಹೇಳಲೂ ಇಲ್ಲ.

ಮದುವೆಯ ಮಾತು ಬಂದಾಗ ಮಾತ್ರ ಸುಮಿತ್ರಮ್ಮ ಹಟ ಹಿಡಿದರು. "ಮೊದ್ಲೇ ಹೇಳ್ಬುಡಾಣ. ಆಮ್ಯಾಕೆ ಗೊತ್ತಾಗಿ ಆ ಮಗಾ ಅಳಬಾರ್ದು" ಎಂದರು. ಹೆಣ್ಣು ನೋಡಲು ಹೋದ ಮನೆಯಲ್ಲಿ ಕಾಫಿ ಬರುವುದಕ್ಕೆ ಮುಂಚೆಯೇ ಹೇಳಿಬಿಟ್ಟರು. ಕೋಣೆಯಲ್ಲಿ ಎಲ್ಲರೂ ನೆಲ ನೋಡುತ್ತಿದ್ದಾಗ ಹುಡುಗಿ ಸುಷ್ಮಿತಾ ತಲೆಯೆತ್ತಿ ಹರೀಶನನ್ನೇ ನೋಡಿ, "ಯಾವ್ ಕಣ್ಣು?" ಎಂದಳು. "ಎಡಗಡೇದು" ಎಂದ. ಸ್ವಲ್ಪ ಹೊತ್ತು ನೋಡಿ, "ಮ್ಯಾಚಿಂಗು ಪರವಾಗಿಲ್ಲ" ಎಂದಳು. ಅವಳಿಗೆ ಬ್ಲೌಸ್ ಹೊಲಿಯುವ ಕೆಲಸ. ಸೀರೆಗೆ ದಾರ ಹೊಂದಿಸಿ ಹೊಂದಿಸಿ ಬಾಯಿಗೆ ಬಂದ ಮಾತು ಅದು. ಹರೀಶ ನಕ್ಕ, ಮದುವೆ ಗೊತ್ತಾಯಿತು.

ಆಸ್ಪತ್ರೆಯಲ್ಲಿ ಮಾತ್ರ ಅವನು ಬಾಯಿ ಬಿಡಲಿಲ್ಲ. ಇಂಟರ್‌ವ್ಯೂನಲ್ಲಿ ಟೈಪಿಂಗ್ ಸ್ಪೀಡ್ ಕೇಳಿದರು, ಕಣ್ಣಿನ ವಿಚಾರ ಕೇಳಲಿಲ್ಲ. ಕೇಳದ್ದಕ್ಕೆ ತಾನಾಗಿ ಹೇಳುವುದೇಕೆ ಎಂದುಕೊಂಡ. ಹೀಗೇ ವರ್ಷಗಳು ಕಳೆದವು.

ಕಳೆದ ವರ್ಷ ಟ್ರಸ್ಟಿನವರು ಆಸ್ಪತ್ರೆಯ ಸಿಬ್ಬಂದಿಗೆಲ್ಲ ಕಣ್ಣಿನ ತಪಾಸಣೆ ಆಗಬೇಕು, ಅದು ರೋಗಿಗಳ ಹಾಗೆಯೇ ಕಂಪ್ಯೂಟರಿನಲ್ಲಿ ದಾಖಲಾಗಬೇಕು ಎಂದು ತೀರ್ಮಾನ ಮಾಡಿದರು. ಊರವರ ಕಣ್ಣನ್ನೆಲ್ಲ ನೋಡುವವರು ತಮ್ಮ ಕಣ್ಣು ತೋರಿಸಿಕೊಂಡಿರುವುದಿಲ್ಲ ಎನ್ನುವುದು ಅವರ ವಾದ. ಸರಿಯಾದ ಮಾತೇ. ಹರೀಶ ಒಂದು ಸಲ ತಲೆನೋವು ಎಂದ. ಇನ್ನೊಂದು ಸಲ ಮನೆಯಲ್ಲಿ ನೆಂಟರು ಎಂದ. ಮೂರನೆಯ ಸಲ, ದೃಷ್ಟಿ ಪರೀಕ್ಷೆ ಮಾಡುವ ಧರಣಿ ಅವನ ಮೇಜಿನ ಹತ್ತಿರವೇ ಬಂದು ನಿಂತಳು.

"ಹರೀಶ್, ಪಟ್ಟಿಯಲ್ಲಿ ನೀವೊಬ್ರೇ ಉಳಿದಿರೋದು. ಬನ್ನಿ, ಐದು ನಿಮಿಷ ಸಾಕು" ಎಂದಳು.

ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಅರೆಗತ್ತಲ ಕೋಣೆಯಲ್ಲಿ ಕುರ್ಚಿ ಮೇಲೆ ಕೂತ. ಬಲಗಣ್ಣಿನಲ್ಲಿ ಅಕ್ಷರಗಳನ್ನೆಲ್ಲ ಓದಿದ, ಕೊನೆಯ ಸಾಲಿನಲ್ಲಿ ಮಾತ್ರ ಸ್ವಲ್ಪ ತಡವರಿಸಿದ. ಧರಣಿ ಬರೆದುಕೊಂಡು, "ಈಗ ಬಲಗಣ್ಣು ಮುಚ್ಕೊಳ್ಳಿ" ಎಂದಳು.

ಹರೀಶ ಕೈ ಎತ್ತಲಿಲ್ಲ. "ಅದು ಬ್ಯಾಡ ಮೇಡಂ" ಎಂದ. "ಎಡಗಡೇದು ನಂದಲ್ಲ."

ಧರಣಿ ಬೆರಗಾಗಲಿಲ್ಲ. ಅವನಿಗೆ ಆಗ ಅದು ಗಮನಕ್ಕೆ ಬರಲಿಲ್ಲ. ಅವಳು ಸರಿ ಎಂದು ಕಂಪ್ಯೂಟರಿನ ಕಡೆ ತಿರುಗಿ ಎಡಗಣ್ಣಿನ ಕಾಲಂ ತುಂಬತೊಡಗಿದಳು. ದೃಷ್ಟಿಯ ಜಾಗದಲ್ಲಿ ಇದ್ದ ಆಯ್ಕೆಗಳಲ್ಲಿ ಎಲ್ಲಕ್ಕಿಂತ ಕೆಳಗಿನದು 'ಬೆಳಕೂ ಕಾಣದು' ಎನ್ನುವುದು. ಅದನ್ನು ಒತ್ತಿದಳು. ಮುಂದಿನದು ಪ್ರೆಶರ್. ಅದನ್ನು ಖಾಲಿ ಬಿಟ್ಟು ಸೇವ್ ಒತ್ತಿದರೆ ಚೌಕ ಕೆಂಪಾಯಿತು. ಅಂಕಿ ಹಾಕದೆ ಮುಂದೆ ಹೋಗುವ ಹಾಗಿಲ್ಲ.

"ಸೊನ್ನೆ ಹಾಕ್ಬುಡಿ ಮೇಡಂ" ಎಂದ ಹರೀಶ. ಆ ಕೆಂಪು ಚೌಕವನ್ನು ಅವನು ಎಷ್ಟೋ ಸಲ ನೋಡಿದ್ದ. "ಎಲ್ರೂ ಹಂಗೇ ಮಾಡೋದು. ಕೆಲವ್ರು ತೊಂಬತ್ತೊಂಬತ್ತು ಹಾಕ್ತಾರೆ. ಅರ್ಜೆಂಟಲ್ಲಿರೋರು ಇನ್ನೊಂದು ಕಣ್ಣಿಂದೇ ಇದಕ್ಕೂ ಹಾಕ್ಬುಡ್ತಾರೆ."

"ಅಂದ್ರೆ ಇಲ್ಲದೇ ಇರೋ ಕಣ್ಣಿಗೆ ಪ್ರೆಶರ್ ನಾರ್ಮಲ್ ಅಂತ ಬರ್ದಿದೀವಾ?"

"ಎಷ್ಟೋ ಜನಕ್ಕೆ."

ಧರಣಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. "ಸೊನ್ನೆ ಅಂದ್ರೆ ಕಣ್ಣಿದೆ, ಅದು ಕುಗ್ಗಿಹೋಗಿದೆ ಅಂತ ಅರ್ಥ ಆಗುತ್ತೆ ಕಣ್ರೀ. ನಾಳೆ ಇನ್ಯಾರೋ ಡಾಕ್ಟರ್ ಇದನ್ನ ನೋಡಿದ್ರೆ ಏನಂದ್ಕೋಬೇಕು? ನಾನಂತೂ ಹಾಕಲ್ಲ. ರಮಾಮಣಿ ಮೇಡಂಗೆ ಹೇಳ್ತೀನಿ" ಎಂದು ರೆಕಾರ್ಡನ್ನು ಹಾಗೇ ಮುಚ್ಚಿದಳು.

ಹರೀಶನಿಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ. ಅವತ್ತು ಸಂಜೆ ರಿಂಗ್ ರೋಡಿನುದ್ದಕ್ಕೂ ಸ್ಕೂಟರ್ ಓಡಿಸುತ್ತ ಅದನ್ನೇ ಯೋಚಿಸಿದ. ಒಂದೇ ಕಣ್ಣಿನವನನ್ನು ಕಣ್ಣಾಸ್ಪತ್ರೆಯ ಡಾಕ್ಟರ ಪಕ್ಕ ಕೂರಿಸಿಕೊಂಡಿದ್ದಾರೆ ಎಂದು ತಿಳಿದರೆ ಟ್ರಸ್ಟಿನವರು ಏನನ್ನಬಹುದು. ಬೇರೆ ಕೆಲಸಕ್ಕೆ ಹಾಕಬಹುದು. ಕ್ಯಾಂಟೀನಿನಲ್ಲಿ ಜೊತೆಯವರು ಊಟ ಮಾಡುತ್ತ ಮಾತು ನಿಲ್ಲಿಸಿ ಅವನ ಮುಖ ನೋಡಬಹುದು. ಅದೇ ಹೆಚ್ಚು ಹಿಂಸೆ ಎನ್ನಿಸಿತು.

ಮನೆಯಲ್ಲಿ ಸುಷ್ಮಿತಾ ಬ್ಲೌಸಿಗೆ ಹುಕ್ಕು ಹಾಕುತ್ತ ಎಲ್ಲ ಕೇಳಿಸಿಕೊಂಡಳು. "ನೀವು ಟೈಪ್ ಮಾಡೋದು ಬೆರಳಲ್ಲಿ ತಾನೇ?" ಎಂದಳು.

"ತಮಾಷೆ ಮಾಡ್ಬ್ಯಾಡ ಕಣೇ."

"ತಮಾಷೆ ಅಲ್ಲ ಕಣ್ರೀ. ಇಷ್ಟ್ ವರ್ಸದಲ್ಲಿ ಒಂದ್ ಅಕ್ಷರ ತಪ್ಪು ಬರ್ದಿದೀರಾ? ಇಲ್ಲ. ಗೊತ್ತಾದ್ರೆ ಗೊತ್ತಾಗ್ಲಿ ಬುಡಿ. ಬಚ್ಚಿಟ್ಕೊಂಡು ಬಚ್ಚಿಟ್ಕೊಂಡು ನಿಮ್ ಕುತ್ತಿಗೆನೇ ಒಂದ್ ಕಡೆ ವಾಲ್ಕಂಡೈತೆ."

ಅವಳ ಮಾತಿಗೆ ನಗು ಬಂದರೂ ಹರೀಶ ಅವತ್ತು ಸರಿಯಾಗಿ ಊಟ ಮಾಡಲಿಲ್ಲ.

ಮಾರನೆಯ ಬೆಳಿಗ್ಗೆ ರೋಗಿಗಳು ಬರುವ ಮುಂಚೆ ರಮಾಮಣಿಯವರು ಅವನನ್ನು ಕರೆದರು. ಧರಣಿ ಅಲ್ಲೇ ಇದ್ದಳು. ಹರೀಶ ತಾನೇ ಮೊದಲು ಹೇಳಿಬಿಡಬೇಕೆಂದು ದಾರಿಯಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ಶುರು ಮಾಡಿದ. "ಮೇಡಂ, ಇಂಟರ್‌ವ್ಯೂನಲ್ಲೇ ಹೇಳ್ಬೇಕಾಗಿತ್ತು..."

"ಏನನ್ನ?"

"ನನ್ನ ಎಡಗಣ್ಣು..."

ರಮಾಮಣಿಯವರು ಕನ್ನಡಕ ತೆಗೆದು ಅವನನ್ನು ನೋಡಿದರು. ಯಾವಾಗಲೂ ಬಹುವಚನದಲ್ಲಿ ಮಾತಾಡಿಸುತ್ತಿದ್ದವರು ಅವತ್ತು ಏಕವಚನಕ್ಕೆ ಇಳಿದರು. "ಅಲ್ಲ ಕಣೋ ಹರೀಶ, ನಾನು ಕಣ್ಣಿನ ಡಾಕ್ಟರು. ನೀನು ಇಂಟರ್‌ವ್ಯೂಗೆ ಬಂದು ಆ ಬಾಗಿಲಲ್ಲಿ ನಿಂತಾಗಲೇ ಗೊತ್ತಾಯ್ತು. ನನಗೆ ಗೊತ್ತಾಗದೆ ಹೋದ್ರೆ ನಾನು ಈ ಕುರ್ಚಿ ಮೇಲೆ ಕೂತು ಏನು ಪ್ರಯೋಜನ?"

ಹರೀಶ ಧರಣಿಯ ಕಡೆ ತಿರುಗಿದ. ಅವಳು, "ನಾನು ಸೇರಿದ ವಾರವೇ" ಎಂದಳು. "ದೃಷ್ಟಿ ಪರೀಕ್ಷೆ ಮಾಡೋ ನಮಗೆಲ್ಲ ಗೊತ್ತು. ಆಪರೇಷನ್ ಥಿಯೇಟರ್ ಸಿಸ್ಟರ್‌ಗೂ ಗೊತ್ತು. ನೀವಾಗಿ ಹೇಳಲಿಲ್ಲ, ನಾವಾಗಿ ಕೇಳಲಿಲ್ಲ."

ಹರೀಶನಿಗೆ ಮೊದಲು ಕಿವಿ ಬಿಸಿಯಾಯಿತು. ಇಷ್ಟು ವರ್ಷ ಫ್ಯಾನ್ ಗಾಳಿಯ ನೆಪ ಹೇಳಿದ್ದು, ಗ್ರೂಪ್ ಫೋಟೋದಲ್ಲಿ ಮೂಲೆ ಹುಡುಕಿದ್ದು, ಎಲ್ಲ ಒಟ್ಟಿಗೇ ನೆನಪಾಯಿತು. ಆಮೇಲೆ ಹೊಟ್ಟೆಯೊಳಗಿಂದ ನಗು ಹೊರಟಿತು. ಕೃತಕ ಕಣ್ಣನ್ನು ಬಚ್ಚಿಡಲು ಅವನು ಆರಿಸಿಕೊಂಡ ಜಾಗವಾದರೂ ಯಾವುದು! ರಮಾಮಣಿಯವರೂ ನಕ್ಕರು, ಧರಣಿಯೂ ನಕ್ಕಳು. ಹೊರಗೆ ಕಸ ಗುಡಿಸುತ್ತಿದ್ದವರು ಬಾಗಿಲಲ್ಲಿ ಇಣುಕಿ ನೋಡಿ ಹೋದರು.

ನಗು ನಿಂತ ಮೇಲೆ ರಮಾಮಣಿಯವರು ಕೆಲಸದ ಮಾತಿಗೆ ಬಂದರು. "ನಿನ್ನ ವಿಷಯ ಮುಚ್ಚಿಡೋದು, ಬಿಡೋದು ನಿನಗೆ ಬಿಟ್ಟಿದ್ದು. ನನಗೆ ಬೇಜಾರಾಗಿರೋದು ಧರಣಿ ಹೇಳಿದ ಆ ಸೊನ್ನೆ. ಕೃತಕ ಕಣ್ಣು ಮಾಡೋರನ್ನ ಬೆಂಗಳೂರಿಂದ ಇಲ್ಲಿಗೇ ಕರೆಸೋಣ ಅಂತ ನಾನು ಎರಡು ವರ್ಷದಿಂದ ಹೇಳ್ತಿದೀನಿ. ಎಷ್ಟು ಜನಕ್ಕೆ ಬೇಕಾಗುತ್ತೆ ಅಂತ ಅವರು ಕೇಳ್ತಾರೆ. ಕಂಪ್ಯೂಟರಲ್ಲಿ ಹುಡುಕಿದ್ರೆ ಒಬ್ಬರೂ ಸಿಗಲ್ಲ. ಯಾಕೆ ಅಂತ ಈಗ ಗೊತ್ತಾಯ್ತು. ನಾವೇ ಅವರನ್ನೆಲ್ಲ ಸೊನ್ನೆಯೊಳಗೆ ಹಾಕಿ ಮುಚ್ಚಿದೀವಿ." ಆಮೇಲೆ ಇನ್ನೊಂದು ಮಾತು ಹೇಳಿದರು. "ಒಂದೇ ಕಣ್ಣಿರೋರು ಅಂತ ರೆಕಾರ್ಡ್ ತೆಗೆದ ತಕ್ಷಣ ನಮಗೆ ಕಾಣಬೇಕು. ಆ ಇನ್ನೊಂದು ಕಣ್ಣನ್ನ ನಾವು ಇಮ್ಮಡಿ ಜೋಪಾನ ಮಾಡ್ಬೇಕು. ನೀನು ಸ್ಕೂಟರಲ್ಲಿ ಕನ್ನಡಕ ಇಲ್ಲದೆ ಓಡಾಡ್ತೀಯಲ್ಲ, ಒಂದು ಕಲ್ಲು ಚಿಮ್ಮಿದ್ರೆ?"

ಹರೀಶ ಅದನ್ನು ಯಾವತ್ತೂ ಹಾಗೆ ಯೋಚಿಸಿರಲಿಲ್ಲ. ಹೋದ ಕಣ್ಣನ್ನು ಬಚ್ಚಿಡುವುದರಲ್ಲೇ ಇರುವ ಕಣ್ಣನ್ನು ಮರೆತಿದ್ದ. ಒಡೆಯದ ಗಾಜಿನ ಕನ್ನಡಕ ಒಂದನ್ನು ಅವತ್ತೇ ಬರೆದುಕೊಟ್ಟರು. ಕೊನೆಯ ಸಾಲಿನಲ್ಲಿ ಅವನು ತಡವರಿಸಿದ್ದಕ್ಕೆ ಒಂದಿಷ್ಟು ಪವರ್ ಕೂಡ ಸೇರಿತು.

ಸಾಫ್ಟ್‌ವೇರ್ ಕಂಪನಿಗೆ ಫೋನ್ ಮಾಡುವ ಕೆಲಸ ಹರೀಶನಿಗೆ ಬಿತ್ತು. ಅಲ್ಲಿ ಆಸ್ಪತ್ರೆಗಳ ಉಸ್ತುವಾರಿ ನೋಡುತ್ತಿದ್ದವರು ಪ್ರೇಮ್‌ಕುಮಾರ್. ಒಳ್ಳೆಯ ಮನುಷ್ಯರು, ಆದರೆ ಕಡ್ಡಾಯ ಕಾಲಂಗಳ ವಿಷಯದಲ್ಲಿ ಬಹಳ ಬಿಗಿ. "ಅದನ್ನ ಸಡಿಲ ಮಾಡಿದ್ರೆ ಎಲ್ರೂ ಎಲ್ಲಾನೂ ಖಾಲಿ ಬಿಟ್ಟು ಹೋಗ್ತಾರೆ ಹರೀಶ್. ನಾನು ನೋಡಿಲ್ವಾ" ಎಂದರು. ಅವರು ಹೇಳಿದ್ದರಲ್ಲೂ ನ್ಯಾಯವಿತ್ತು. ಖಾಲಿ ಬಿಟ್ಟ ಫೈಲುಗಳ ಕಾಲವನ್ನು ಹರೀಶನೂ ಕಂಡಿದ್ದ. ಎರಡು ಮೂರು ಸಲ ಫೋನ್ ಆದ ಮೇಲೆ, ಬೇರೆ ಯಾವುದೋ ರಿಪೇರಿಗೆಂದು ಮೈಸೂರಿಗೆ ಬಂದಾಗ ನೋಡೋಣ ಎಂದರು.

ಬಂದ ದಿನ ಹರೀಶ ಅವರನ್ನು ತನ್ನ ಕುರ್ಚಿಯ ಮೇಲೆ ಕೂರಿಸಿದ. "ಸಾರ್, ಒಬ್ರು ಪೇಷಂಟ್ ಇದಾರೆ. ಅವರ ರೆಕಾರ್ಡು ಮೂರು ವಾರದಿಂದ ಸೇವ್ ಆಗಿಲ್ಲ. ನೀವೇ ಒಂದ್ಸಲ ಮಾಡ್ಕೊಡಿ."

"ಹೇಳಿ. ಎಡಗಣ್ಣು ಪ್ರೆಶರ್?"

"ಇಲ್ಲ ಸಾರ್."

"ತಗೊಂಡಿಲ್ವಾ?"

"ತಗೊಳಕೆ ಕಣ್ಣಿಲ್ಲ."

ಪ್ರೇಮ್‌ಕುಮಾರ್ ಖಾಲಿ ಬಿಟ್ಟು ಒತ್ತಿದರು, ಕೆಂಪಾಯಿತು. ಒಂದು ಗೆರೆ ಹಾಕಿ ಒತ್ತಿದರು, ಕೆಂಪಾಯಿತು. ತಾವೇ ಕಟ್ಟಿಸಿದ ಗೋಡೆಗೆ ತಾವೇ ಹಣೆ ತಾಗಿಸಿಕೊಂಡವರ ಹಾಗೆ ಸ್ವಲ್ಪ ಹೊತ್ತು ಕೂತರು. ಆಮೇಲೆ ರೋಗಿಯ ಹೆಸರು ಓದಿದರು, ತಲೆಯೆತ್ತಿ ಹರೀಶನನ್ನು ನೋಡಿದರು, ಮತ್ತೆ ಹೆಸರು ಓದಿದರು.

"ನೀವಾ?"

"ಹೂಂ ಸಾರ್."

ಧರಣಿಯನ್ನೂ ಕರೆದು, ಕಾಫಿ ತರಿಸಿಕೊಂಡು ಮೂವರೂ ಕೂತರು. ಖಾಲಿ ಬಿಡುವುದಕ್ಕೆ ಅವಕಾಶ ಕೊಡದೆ ದೃಷ್ಟಿಯ ಜಾಗದಲ್ಲೇ ಎರಡು ಹೊಸ ಆಯ್ಕೆ ಸೇರಿಸುವುದೆಂದಾಯಿತು. 'ಕಣ್ಣು ತೆಗೆದಿದೆ', 'ಕೃತಕ ಕಣ್ಣು ಇದೆ'. ಅವುಗಳಲ್ಲಿ ಒಂದನ್ನು ಒತ್ತಿದರೆ ಆ ಕಡೆಯ ಪ್ರೆಶರ್, ಪೊರೆ, ನರ ಎಲ್ಲ ತಾವಾಗಿ ಮುಚ್ಚಿಕೊಳ್ಳಬೇಕು. ಪುಟದ ತಲೆಯ ಮೇಲೆ 'ಒಂದೇ ಕಣ್ಣು, ಜೋಪಾನ' ಎಂದು ಬರಬೇಕು. ಹೀಗೆ ಮಾಡಬಹುದೆಂದು ಹೊಳೆದದ್ದು ಪ್ರೇಮ್‌ಕುಮಾರ್ ಅವರಿಗೇ. ಒಮ್ಮೆ ಮನಸ್ಸಿಗೆ ಹತ್ತಿದ ಮೇಲೆ ಅವರು ತಡ ಮಾಡಲಿಲ್ಲ. ಆ ತಿಂಗಳೇ ಹೊಸ ಆಯ್ಕೆಗಳು ಬಂದವು. ಧರಣಿ ಹರೀಶನ ರೆಕಾರ್ಡು ತೆಗೆದು, ಒತ್ತಿ, ಸೇವ್ ಮಾಡಿದಳು. ಪರದೆಯ ಮೇಲೆ ಎಲ್ಲ ಸರಿಯಾಗಿದೆ ಎನ್ನುವ ಹಸಿರು ಗುರುತು ಬಂತು.

ಹಳೆಯ ರೆಕಾರ್ಡುಗಳನ್ನು ತಿದ್ದುವುದು ನಿಧಾನದ ಕೆಲಸ. ಸೊನ್ನೆ, ತೊಂಬತ್ತೊಂಬತ್ತು ಹಾಕಿದ್ದವು ಸುಲಭವಾಗಿ ಸಿಕ್ಕವು. ಇನ್ನೊಂದು ಕಣ್ಣಿನ ಅಂಕಿಯನ್ನೇ ನಕಲು ಮಾಡಿದ್ದವು ಹುಡುಕಾಡಿದರೂ ಸಿಗುವುದು ಕಷ್ಟವಾಗಿತ್ತು. ಅಂಕಿ ನೋಡಿ ತಿದ್ದುವ ಹಾಗೂ ಇರಲಿಲ್ಲ, ನಿಜವಾಗಿ ಕುಗ್ಗಿದ ಕಣ್ಣೂ ಇರಬಹುದಲ್ಲ. ಹೀಗಾಗಿ ಮಧ್ಯಾಹ್ನ ರೋಗಿಗಳು ಕಡಿಮೆಯಾದ ಮೇಲೆ ಹರೀಶ, ಧರಣಿ ಒಬ್ಬೊಬ್ಬರಿಗೇ ಫೋನ್ ಮಾಡಿ ತಪಾಸಣೆಗೆ ಕರೆದರು. ಮೊದಲ ಎರಡು ದಿನದಲ್ಲೇ ಹರೀಶ ಒಂದು ಪಾಠ ಕಲಿತ. ಫೋನ್ ಎತ್ತಿದವರು ಯಾರೆಂದು ತಿಳಿಯದೆ ಕೃತಕ ಕಣ್ಣಿನ ಮಾತೆತ್ತಬಾರದು. ಮನೆಯವರಿಗೇ ಹೇಳದಿರುವವರು ಇರುತ್ತಾರೆ. ಅದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗಬೇಕು.

ಮಂಟಯ್ಯ ಎಂಬ ಮುದುಕರು ತಾವೇ ಫೋನ್ ಎತ್ತಿದರು. "ಆ ಕಣ್ಣಾ? ಅದ ಹಾಕ್ಕಳದು ಬುಟ್ಟು ಬಾಳ ಕಾಲ ಆಯ್ತು ಕಣಪ್ಪ. ಚುಚ್ಚತಿತ್ತು. ಟ್ರಂಕ್‌ನಾಗೆ ಐತೆ" ಎಂದರು.

"ಚುಚ್ಚದಂಗೆ ನುಣ್ಣಗೆ ಮಾಡ್ಕೊಡ್ತಾರೆ ಯಜಮಾನ್ರೆ, ಬನ್ನಿ. ನಂದೂ ಒಂದು ಐತೆ" ಎಂದ ಹರೀಶ.

"ನಿಂದೂವಾ? ಅಂಗಾರೆ ಬತ್ತೀನಿ ಬುಡು."

ಇನ್ನೊಂದು ಫೋನನ್ನು ಎತ್ತಿದ ಹೆಣ್ಣುಮಗಳು ಆಸ್ಪತ್ರೆಯ ಹೆಸರು ಕೇಳುತ್ತಲೇ ದನಿ ಬಿಗಿ ಮಾಡಿದರು. ಅವರ ಮಗಳು ಅನನ್ಯಳಿಗೆ ಕೂಸಾಗಿದ್ದಾಗಲೇ ಕಣ್ಣಿನಲ್ಲಿ ಗಡ್ಡೆಯಾಗಿ, ಜೀವ ಉಳಿಸಲು ಕಣ್ಣು ತೆಗೆದಿದ್ದರು. ಈಗ ಮೂರನೇ ಕ್ಲಾಸು. ಮಗು ಬೆಳೆದಿತ್ತು, ಹಾಕಿದ ಕಣ್ಣು ಬೆಳೆಯುವುದಿಲ್ಲವಲ್ಲ. ಅದು ಸಡಿಲವಾಗಿ ಒಳಗೇ ತಿರುಗಿಕೊಳ್ಳುತ್ತಿತ್ತು. ಒಂದು ದಿನ ಸ್ಕೂಲಿನಲ್ಲೇ ಬಿದ್ದುಹೋಗಿ ಗಲಾಟೆಯಾದ ಮೇಲೆ ಹುಡುಗಿ ಕಪ್ಪು ಕನ್ನಡಕ ಇಲ್ಲದೆ ಮನೆಯಿಂದ ಹೊರಗೆ ಬರುತ್ತಿರಲಿಲ್ಲ. "ನೀವು ಹೇಳೋದು ಸುಲಭ ಸಾರ್. ಆ ಮಗು ಪಡೋ ಪಾಡು ನಿಮಗೆ ಹೆಂಗೆ ಗೊತ್ತಾಗುತ್ತೆ?" ಎಂದರು ತಾಯಿ.

"ಗೊತ್ತಮ್ಮ" ಎಂದು ಹರೀಶ ತನ್ನ ಕಥೆ ಹೇಳಿದ. ಅಷ್ಟು ಉದ್ದಕ್ಕೆ ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಫೋನ್ ಇಟ್ಟಾಗ ಪಕ್ಕದಲ್ಲಿದ್ದ ಧರಣಿ ನೀರಿನ ಬಾಟಲಿ ಅವನ ಕಡೆ ಸರಿಸಿದಳು.

ಬಂದು ತೋರಿಸಿಕೊಂಡವರ ಪಟ್ಟಿ ಕೈಗೆ ಬಂದ ಮೇಲೆ ಬೆಂಗಳೂರಿನವರು ಬರಲು ಒಪ್ಪಿದರು. ಒಂದು ಶನಿವಾರ ಬೆಳಿಗ್ಗೆ ಪವಮಾನ ಎಂಬ ಸಣ್ಣ ಪ್ರಾಯದವರು ಬಣ್ಣದ ಪೆಟ್ಟಿಗೆ, ಅಚ್ಚಿನ ಸಾಮಾನು, ಪಾಲಿಶ್ ಮಾಡುವ ಯಂತ್ರ ಎಲ್ಲ ಹೊತ್ತು ಬಂದಿಳಿದರು. ಆಸ್ಪತ್ರೆಯ ಉತ್ತರದ ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟರು. ಬಣ್ಣ ಹೊಂದಿಸಲು ಅಲ್ಲಿನ ಕಿಟಕಿಯ ಬೆಳಕೇ ಸರಿ ಎಂದರು ಅವರು. ಹೊರಗಿನ ಬೆಂಚುಗಳು ತುಂಬಿದವು. ಮಂಟಯ್ಯ ತಮ್ಮ ಕಣ್ಣನ್ನು ವೀಳ್ಯದೆಲೆಯ ಡಬ್ಬಿಯಲ್ಲಿ ತಂದಿದ್ದರು. ಸೇರಿದವರು ಮೊದಮೊದಲು ಒಬ್ಬರನ್ನೊಬ್ಬರು ನೋಡದೆ ಕೂತಿದ್ದರು. ಆಮೇಲೆ ಯಾರೋ ಒಬ್ಬರು, "ನೀವು ಏನಾಕಿ ತೊಳೀತೀರಾ?" ಎಂದು ಪಕ್ಕದವರನ್ನು ಕೇಳಿದರು. ಅಲ್ಲಿಂದ ಮಾತು ನಿಲ್ಲಲೇ ಇಲ್ಲ.

ಅನನ್ಯ ಮಾತ್ರ ಒಳಗೆ ಹೋಗಲು ಒಪ್ಪಲಿಲ್ಲ. ಕಪ್ಪು ಕನ್ನಡಕದ ಹಿಂದೆ ಮುಖ ಬಿಗಿದುಕೊಂಡು ತಾಯಿಯ ಸೆರಗು ಹಿಡಿದು ನಿಂತಳು. ಹರೀಶ ಬಂದು ಅವಳ ಎದುರಿಗೆ ನೆಲದ ಮೇಲೇ ಕೂತ.

"ನಂದೂ ಒಂದು ಕಣ್ಣು ಮಾಡ್ಸಿದ್ದು. ಯಾವ್ದು ಹೇಳು ನೋಡೋಣ?"

ಹುಡುಗಿ ಬಹಳ ಹೊತ್ತು ನೋಡಿ, "ಇದು" ಎಂದು ಬಲಗಣ್ಣು ತೋರಿಸಿದಳು. ಸುತ್ತ ಇದ್ದವರು ನಕ್ಕರು.

"ಇಲ್ಲಮ್ಮ, ಇದು."

"ಸುಳ್ಳು."

ತಾಯಿ, ಹೆಂಡತಿ ಬಿಟ್ಟರೆ ಬೇರೆ ಯಾರ ಎದುರಿಗೂ ಹರೀಶ ಆ ಕಣ್ಣನ್ನು ತೆಗೆದಿರಲಿಲ್ಲ. ಅವತ್ತು ಎದ್ದು ಕೈ ತೊಳೆದುಕೊಂಡು ಬಂದು, ಕೆಳರೆಪ್ಪೆ ಒತ್ತಿ, ಅದನ್ನು ಅಂಗೈಗೆ ಇಳಿಸಿ ಅವಳ ಮುಂದೆ ಹಿಡಿದ. ಅನನ್ಯ ಕಪ್ಪು ಕನ್ನಡಕ ತೆಗೆದು ಬಗ್ಗಿ ನೋಡಿದಳು. ಮೊದಲು ಅಂಗೈ ನೋಡಿದಳು, ಆಮೇಲೆ ಅವನ ಮುಖ ನೋಡಿದಳು.

"ನೋಯುತ್ತಾ ಅಂಕಲ್?"

"ಇಲ್ಲ."

"ಇದಕ್ಕೆ ಬಣ್ಣ ಹಚ್ಚಿದೋರು ಯಾರು?"

"ಅದೋ, ಒಳಗಿದಾರಲ್ಲ, ಅವರಂಥೋರೇ ಇನ್ಯಾರೋ. ನಿಂದಕ್ಕೆ ಹಚ್ಚೋದನ್ನ ನೀನೇ ಪಕ್ಕದಲ್ಲಿ ಕೂತು ನೋಡ್ಬಹುದು."

ಅವಳು ಒಳಗೆ ಹೋದಳು. ಅಚ್ಚು ತೆಗೆಯುವಾಗ ತಾಯಿಯ ಕೈ ಬಿಗಿಯಾಗಿ ಹಿಡಿದಿದ್ದಳು. ಪವಮಾನ ಕೂದಲೆಳೆಯಂಥ ಕುಂಚದಲ್ಲಿ ಅವಳ ಕರಿಗುಡ್ಡೆ ಬರೆಯುವಾಗ ಮಾತ್ರ ಎಲ್ಲ ಮರೆತು, "ಇಲ್ಲಿ ಇನ್ನೊಂಚೂರು ಕಂದು" ಎಂದು ಹೇಳಿಕೊಡುತ್ತಿದ್ದಳಂತೆ. ಮಾರನೆಯ ದಿನ ಸಂಜೆ ಹೊಸ ಕಣ್ಣು ಹಾಕಿಕೊಂಡು ಆಸ್ಪತ್ರೆಯ ಕನ್ನಡಿಯ ಮುಂದಿನಿಂದ ಅವಳನ್ನು ಕದಲಿಸುವುದೇ ಕಷ್ಟವಾಯಿತು. ಕಪ್ಪು ಕನ್ನಡಕ ತಾಯಿಯ ವ್ಯಾನಿಟಿ ಬ್ಯಾಗಿಗೆ ಹೋಯಿತು. ಆ ವರ್ಷದ ಸ್ಕೂಲ್ ಡೇಗೆ ಅವಳು ಕೋಲಾಟದಲ್ಲಿ ಸೇರಿದ ಫೋಟೋ ಹರೀಶನ ಮೊಬೈಲಿಗೆ ಬಂತು. ಅವನು ಅದನ್ನು ರಮಾಮಣಿಯವರಿಗೆ ತೋರಿಸಿದ. ಅವರು ಬಾಗಿಲಲ್ಲಿ ರೋಗಿಗಳು ಕಾಯುತ್ತಿದ್ದರೂ ಎರಡು ಬೆರಳಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದರು.

ಹರೀಶನೂ ಆ ಭಾನುವಾರ ಹೊಸ ಕಣ್ಣು ಮಾಡಿಸಿಕೊಂಡ. ಹಳೆಯದು ಬಹಳ ವರ್ಷದ್ದು, ಹೊಳಪು ಹೋಗಿತ್ತು. ಸುಷ್ಮಿತಾಳೂ ಸುಮಿತ್ರಮ್ಮನೂ ಬಂದಿದ್ದರು. ಪವಮಾನ ಬಣ್ಣದ ಮಾದರಿಗಳನ್ನು ಮುಂದಿಟ್ಟಾಗ ಸುಷ್ಮಿತಾ ದಾರದುಂಡೆ ಆರಿಸುವವಳ ಹಾಗೆ ಒಂದೊಂದನ್ನೇ ಗಂಡನ ಮುಖದ ಹತ್ತಿರ ಹಿಡಿದು ನೋಡಿದಳು. ಕೊನೆಗೆ ಅವಳಿಗೊಂದು, ಪವಮಾನರಿಗೊಂದು ಇಷ್ಟವಾಯಿತು. ಅವರವರಲ್ಲೇ ಸ್ವಲ್ಪ ವಾದವಾಯಿತು.

"ಇವರದ್ದು ಬೆಳಕಿಗೆ ಬಂದ್ರೆ ಕಾಫಿ ಡಿಕಾಕ್ಷನ್ ಬಣ್ಣ ಬರ್ತದೆ ಸಾರ್, ನೀವ್ ನೋಡಿಲ್ಲ" ಎಂದಳು ಸುಷ್ಮಿತಾ.

"ಬೆಳಕಿಗೆ ಕರೆದುಕೊಂಡು ಬನ್ನಿ ಹಾಗಾದ್ರೆ" ಎಂದರು ಪವಮಾನ. ಕಿಟಕಿಯ ಹತ್ತಿರ ಬಂದು ನೋಡಿ ಇಬ್ಬರೂ ನಡುವಿನದೊಂದನ್ನು ಒಪ್ಪಿದರು. ಸುಮಿತ್ರಮ್ಮ ಬೆಂಚಿನ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದರು. ಹೊಸ ಕಣ್ಣು ಹಾಕಿಕೊಂಡು ಮಗ ಎದುರಿಗೆ ಬಂದಾಗ ಎರಡೂ ಕೈಯಲ್ಲಿ ಅವನ ಕೆನ್ನೆ ಹಿಡಿದು ಆ ಕಡೆ, ಈ ಕಡೆ ತಿರುಗಿಸಿ ನೋಡಿ, ಸೆರಗಿನಿಂದ ಮೂಗು ಒರೆಸಿಕೊಂಡರು.

ಈಗ ಆ ಶನಿವಾರ ಆರು ತಿಂಗಳಿಗೊಮ್ಮೆ ಬರುತ್ತದೆ. ಯಾರಿಗೆ ಪಾಲಿಶ್ ಆಗಬೇಕು, ಯಾವ ಮಗು ಬೆಳೆದು ಅಳತೆ ಬದಲಾಗಿರಬಹುದು ಎಂದು ಕಂಪ್ಯೂಟರೇ ನೆನಪಿಸುತ್ತದೆ, ಹರೀಶ ಫೋನ್ ಮಾಡುತ್ತಾನೆ. ಅದೇ ಸಾಫ್ಟ್‌ವೇರ್ ಇರುವ ಬೇರೆ ಊರಿನ ಆಸ್ಪತ್ರೆಗಳಿಗೂ ಹೊಸ ಆಯ್ಕೆಗಳು ಹೋಗಿವೆ. ಅನುಮಾನ ಬಂದವರಿಗೆ ಪ್ರೇಮ್‌ಕುಮಾರ್ ಹರೀಶನ ನಂಬರು ಕೊಟ್ಟುಬಿಡುತ್ತಾರೆ.

ಮೊನ್ನೆ ಮಧ್ಯಾಹ್ನ ಊಟಕ್ಕೆ ಏಳುವ ಹೊತ್ತಿಗೆ ಹಾಸನದಿಂದ ಒಬ್ಬ ಹುಡುಗಿಯ ಫೋನ್ ಬಂತು. ಹೊಸದಾಗಿ ಕೆಲಸಕ್ಕೆ ಸೇರಿದವಳಂತೆ, ದನಿಯಲ್ಲಿ ಗಾಬರಿ ಇತ್ತು. "ಸಾರ್, ಇಲ್ಲೊಬ್ಬರು ಬಂದಿದಾರೆ. ಅವರಿಗೆ ಎರಡೂ ಕಣ್ಣು ಕೃತಕ. ಎರಡೂ ಕಡೆ ಒತ್ತಿದ್ರೆ ಮೇಲೆ 'ಒಂದೇ ಕಣ್ಣು, ಜೋಪಾನ' ಅಂತ ಬರ್ತಿದೆ. ಏನ್ ಮಾಡ್ಲಿ?"

ಇದನ್ನು ಅವರು ಯಾರೂ ಯೋಚಿಸಿರಲಿಲ್ಲ. ಹರೀಶ, "ಈಗ ಎರಡೂ ಕಡೆ ಹಾಕಿ ಸೇವ್ ಮಾಡಿಮ್ಮ, ಕೆಳಗೆ ಷರಾ ಬರೀರಿ. ಮೇಲಿಂದು ತಪ್ಪಾಗಿ ಬರ್ತಿದೆ, ಪ್ರೇಮ್‌ಕುಮಾರ್ ಸಾರ್‌ಗೆ ನಾನು ಹೇಳಿ ಸರಿ ಮಾಡಿಸ್ತೀನಿ" ಎಂದ. "ಅವರು ಅಲ್ಲೇ ಇದಾರಾ?"

"ಹೂಂ ಸಾರ್, ಎದುರಿಗೇ ಕೂತಿದಾರೆ."

"ಹಂಗಾದ್ರೆ ಮೊದ್ಲು ಅವರನ್ನ ಮಾತಾಡಿಸಿ. ಕಂಪ್ಯೂಟರ್ ಯಾಕೆ ತಡ ಮಾಡ್ತಿದೆ ಅಂತ ಹೇಳಿ. ಯಾಕಂತ ಗೊತ್ತಾಗದೆ ಕಾಯ್ತಾ ಕೂತಿರೋದೇ ದೊಡ್ಡ ಹಿಂಸೆ."

ಆ ಹುಡುಗಿ ಆಗಲಿ ಎಂದಳು. ಫೋನ್ ಇಡುವ ಮುಂಚೆ, ಅತ್ತ ಅವಳು ಯಾರಿಗೋ "ಯಜಮಾನ್ರೇ, ಊಟ ಆಯ್ತಾ?" ಎಂದು ಕೇಳುವುದು, ಒಬ್ಬ ಗಂಡಸು ನಗುತ್ತ 'ಇನ್ನೂ ಇಲ್ಲ' ಎನ್ನುವುದು ಕೇಳಿಸಿತು. ಹರೀಶ ಪ್ರೇಮ್‌ಕುಮಾರ್ ಅವರಿಗೆ ಎರಡು ಸಾಲಿನ ಮೆಸೇಜು ಹಾಕಿ, ಡಬ್ಬಿ ಎತ್ತಿಕೊಂಡು ಕ್ಯಾಂಟೀನಿಗೆ ಹೊರಟ. ಧರಣಿ ಅಲ್ಲಿ ಜಾಗ ಹಿಡಿದು ಕಾಯುತ್ತಿದ್ದಳು.